ಹಂಚಿನ ಪಾಚಿಗೆ ಪ್ರೆಷರ್ ವಾಷರ್ ಬೇಡ, ಹಿಡಿಸೂಡಿ ಸಾಕು

ಬೇಸಿಗೆ ಬಂತೆಂದರೆ ಮೊಬೈಲ್‌ನಲ್ಲಿ ಆ ವಿಡಿಯೋಗಳು ಶುರು. ಕಪ್ಪಗಾದ ಹಂಚಿನ ಮಾಡಿಗೆ ಪ್ರೆಷರ್ ವಾಷರ್ ಹಿಡಿದರೆ ನಿಮಿಷದಲ್ಲಿ ಕೆಂಪಗೆ ಹೊಳೆಯುತ್ತೆ. ನಾನೂ ಮರುಳಾಗಿ ಎರಡು ವರ್ಷದ ಹಿಂದೆ ನಮ್ಮ ಹಳೇ ಮನೆಗೆ ಅದನ್ನೇ ಮಾಡಿಸಿದೆ. ಜೂನ್‌ನಲ್ಲಿ ಮಳೆ ಹಿಡಿದಾಗ ಅಟ್ಟದಲ್ಲಿದ್ದ ಅಡಿಕೆ ಮೂಟೆಗಳ ಮೇಲೆ ನೀರು ತೊಟ್ಟಿಕ್ಕುತ್ತಿತ್ತು. ನಾಲ್ಕು ಮೂಟೆಗೆ ಬೂಸ್ಟು ಬಂತು.

ತಪ್ಪು ಎಲ್ಲಿ? ಸುಟ್ಟ ಮಣ್ಣಿನ ಹಂಚಿಗೆ ಹೊರಗೊಂದು ಗಟ್ಟಿ ಪದರ ಇರುತ್ತೆ. ಜೋರು ನೀರು ಅದನ್ನೇ ಕೆರೆದು ಹಾಕುತ್ತೆ. ಮೈ ಒರಟಾದ ಹಂಚು ಹೆಚ್ಚು ನೀರು ಹೀರುತ್ತೆ, ಧೂಳು ಹಿಡಿಯುತ್ತೆ, ಪಾಚಿ ಇನ್ನೂ ಬೇಗ ಬರುತ್ತೆ. ಅದರ ಜೊತೆಗೆ ನೀರಿನ ಹೊಡೆತಕ್ಕೆ ಹಂಚು ಜರುಗಿ, ಒಂದರ ಮೇಲೊಂದು ಕೂರುವ ಜಾಗ ಬಾಯಿ ಬಿಡುತ್ತೆ.

ಎಲ್ಲ ಪಾಚಿಗೂ ಹೆದರಬೇಕಿಲ್ಲ. ಹಂಚಿನ ಮೇಲಿನ ತೆಳು ಕಪ್ಪು ಕಲೆ ಬರೀ ನೋಟದ ವಿಷಯ, ಬಿಟ್ಟುಬಿಡಿ. ಹಸಿರು ಮೆತ್ತೆಯ ಹಾಗೆ ದಪ್ಪಗೆ ಬೆಳೆಯುವುದೇ ನಿಜವಾದ ಸಮಸ್ಯೆ. ಅದಕ್ಕೆ ಬೇರಿಲ್ಲ, ಆದರೆ ಸ್ಪಂಜಿನಂತೆ ನೀರು ಹಿಡಿದಿಡುತ್ತೆ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ತೆರೆದಂದಿನಿಂದ ಮಂಗಳೂರು ಹಂಚಿನ ಜೀವ ಇರುವುದು ಅದರ ಗಾಡಿಯಲ್ಲಿ, ಅಂದರೆ ನೀರು ಹರಿದುಹೋಗುವ ಗೆರೆಗಳಲ್ಲಿ. ಅಲ್ಲಿ ಪಾಚಿ ಕಟ್ಟಿದರೆ ನೀರು ಒಳಕ್ಕೆ ತಿರುಗುತ್ತೆ, ರೀಪು ಕೊಳೆಯುತ್ತೆ.

ನನ್ನ ಪ್ರಕಾರ ಕೆಲಸ ಏಪ್ರಿಲ್‌ನಲ್ಲೇ ಆಗಬೇಕು. ಪಾಚಿ ಒಣಗಿ ಗರಿಗರಿಯಾಗಿರುತ್ತೆ, ಹಿಡಿಸೂಡಿ ಅಥವಾ ತೆಂಗಿನ ನಾರಿನ ಬ್ರಷ್‌ಗೇ ಉದುರುತ್ತೆ. ಗಟ್ಟಿಯಾಗಿ ಕೂತಲ್ಲಿ ಮರದ ಚಕ್ಕೆ ಬಳಸಿ, ಕಬ್ಬಿಣ ಬೇಡ. ಯಾವಾಗಲೂ ಮೇಲಿನಿಂದ ಕೆಳಕ್ಕೆ ಗುಡಿಸಿ. ಕೆಳಗಿಂದ ಮೇಲಕ್ಕೆ ಗುಡಿಸಿದರೆ ಕಸ ಹಂಚಿನಡಿ ಸೇರುತ್ತೆ. ಒಡೆದ ಹಂಚನ್ನೂ ಆಗಲೇ ಬದಲಿಸಿ.

ಮಳೆಗಾಲದಲ್ಲಿ ಮಾತ್ರ ಮಾಡು ಹತ್ತಲೇಬೇಡಿ. ಒದ್ದೆ ಪಾಚಿ ಎಣ್ಣೆ ಸವರಿದ ಹಾಗೆ ಜಾರುತ್ತೆ. ಬೇಸಿಗೆಯಲ್ಲೂ ಹಂಚಿನ ಮೇಲೆ ನೇರ ಕಾಲಿಡದೆ ಏಣಿ ಮಲಗಿಸಿ ಕಟ್ಟಿ, ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಹತ್ತಿ, ಕೆಳಗೊಬ್ಬರು ಇರಲಿ. ಹಂಚು ಹೋದರೆ ಇನ್ನೊಂದು ತರಬಹುದು, ಸೊಂಟ ಮುರಿದರೆ ತೋಟ ನೋಡೋರು ಯಾರು?

ಇನ್ನು ಕೆಲವರು ಕೊಳೆರೋಗಕ್ಕೆ ಮಾಡಿ ಉಳಿದ ಬೋರ್ಡೋ ದ್ರಾವಣವನ್ನೇ ಮಾಡಿಗೂ ಹೊಡೀತಾರೆ. ತಾಮ್ರಕ್ಕೆ ಪಾಚಿ ಸಾಯುತ್ತೆ, ನಿಜ. ಆದರೆ ಆ ತಾಮ್ರ ಮಳೆನೀರಿನ ಜೊತೆ ಇಳಿದು ನಿಮ್ಮ ಟ್ಯಾಂಕಿಗೋ ಮೀನು ಹೊಂಡಕ್ಕೋ ಸೇರುತ್ತೆ. ಮೀನಿಗೆ ತಾಮ್ರ ವಿಷ. ಬ್ಲೀಚಿಂಗ್ ಪೌಡರ್ ನೀರು ಬಿದ್ದರೆ ಕೆಳಗಿನ ಗಿಡ ಸುಡುತ್ತೆ. ಮಾಡಿನ ನೀರು ಬಳಸುವವರು ಇವೆರಡನ್ನೂ ದೂರ ಇಡೋದೇ ಒಳ್ಳೇದು.

ಪಾಚಿ ಮತ್ತೆ ಬರದಿರಲು ಬೇಕಾದ್ದು ಔಷಧಿಯಲ್ಲ, ಬಿಸಿಲು ಮತ್ತು ಗಾಳಿ. ಮಾಡಿನ ಮೇಲೆ ಬಾಗಿದ ಹಲಸು, ಮಾವಿನ ಕೊಂಬೆ ಕಡಿಯಿರಿ. ಎರಡು ಮಾಡು ಕೂಡುವ ಮೂಲೆಯಲ್ಲಿ ತರಗೆಲೆ ಕೂರದಂತೆ ನೋಡಿಕೊಳ್ಳಿ. ಇಷ್ಟು ಮಾಡಿದರೂ ನಮ್ಮ ಮಳೆಗೆ ಸ್ವಲ್ಪ ಪಾಚಿ ಬಂದೇ ಬರುತ್ತೆ, ವರ್ಷಕ್ಕೊಮ್ಮೆ ಗುಡಿಸಿದರಾಯ್ತು.

ಮೊಬೈಲ್ ಇದೆಯಲ್ಲ, ಅದರಿಂದ ಒಂದು ಕೆಲಸ ಮಾಡಿ. ಈ ಮಳೆಗಾಲದಲ್ಲಿ ಅಂಗಳದಲ್ಲೇ ನಿಂತು ಮಾಡಿನ ನಾಲ್ಕೂ ಕಡೆಯ ಫೋಟೋ ತೆಗೆದಿಡಿ, ಅಟ್ಟದಲ್ಲಿ ಸೋರುವ ಜಾಗದ್ದೂ ಇರಲಿ. ಏಪ್ರಿಲ್‌ನಲ್ಲಿ ಎಲ್ಲಿ ಗುಡಿಸಬೇಕು, ಯಾವ ಕೊಂಬೆ ಕಡಿಯಬೇಕು ಅಂತ ಆ ಫೋಟೋಗಳೇ ಹೇಳುತ್ತವೆ. ನಾನೀಗ ಹಾಗೇ ಮಾಡ್ತಿದ್ದೀನಿ. ಹೋದ ಮಳೆಗಾಲದಲ್ಲಿ ಅಡಿಕೆ ಮೂಟೆಗೆ ಒಂದು ಹನಿಯೂ ಬೀಳಲಿಲ್ಲ.