ಶೈತ್ಯವನ್ನು ಆಮದು ಮಾಡಿಕೊಂಡರೆ ಸಾಲದು

ತಾಪಮಾನ ಏರುತ್ತ ಹೋದರೆ ಎಲ್ಲಿ ನಿಂತೀತು ಎಂದು ಹೇಳುವುದು ಕಷ್ಟ. ಸೂರ್ಯನ ಗರ್ಭದಲ್ಲಿ ಅದು ಸುಮಾರು ಒಂದೂವರೆ ಕೋಟಿ ಡಿಗ್ರಿ. ಅದಕ್ಕಿಂತ ಬಿಸಿಯಾದದ್ದೂ ವಿಶ್ವದಲ್ಲಿ ಬೇಕಾದಷ್ಟಿದೆ. ಇಳಿಯುವ ದಾರಿಗೆ ಮಾತ್ರ ಗೊತ್ತಾದ ಕೊನೆಯಿದೆ: ಮೈನಸ್ 273.15 ಡಿಗ್ರಿ ಸೆಲ್ಸಿಯಸ್, ಅಂದರೆ ಸೊನ್ನೆ ಕೆಲ್ವಿನ್. ವಸ್ತುವಿನಿಂದ ತೆಗೆಯಬಹುದಾದ ಶಾಖವೆಲ್ಲ ಮುಗಿದುಹೋಗುವ ಬಿಂದು ಅದು. ಅಲ್ಲಿಯೂ ಅಣುಗಳು ಪೂರ್ತಿ ನಿಶ್ಚಲವಾಗುವುದಿಲ್ಲ. ಕ್ವಾಂಟಂ ನಿಯಮಗಳು ಒಂದಿಷ್ಟು ಮಿಡಿತವನ್ನು ಉಳಿಸಿಯೇ ಉಳಿಸುತ್ತವೆ. ಆ ಬಿಂದುವಿನ ತೀರ ಹತ್ತಿರ ಹೋಗಬಹುದು, ಮುಟ್ಟಲಾಗದು ಎನ್ನುತ್ತದೆ ಉಷ್ಣಗತಿವಿಜ್ಞಾನದ ಮೂರನೆಯ ನಿಯಮ. (ವಿಜ್ಞಾನಿಗಳು ಸೊನ್ನೆಗಿಂತಲೂ ಕೆಳಗಿಳಿದರು ಎಂದು 2013ರಲ್ಲಿ ಬಂದ ಶೀರ್ಷಿಕೆಗಳನ್ನು ನೆಚ್ಚಬೇಕಿಲ್ಲ, ಲೆಕ್ಕದಲ್ಲಿ ಋಣ ಚಿಹ್ನೆ ಬರುವ ಆ ಸ್ಥಿತಿ ನಿಜಕ್ಕೂ ವಿಪರೀತ ಬಿಸಿಯಾದದ್ದು.) ನಕ್ಷತ್ರಗಳಾಚೆಯ ಬಯಲೂ ಇಷ್ಟು ತಣ್ಣಗಿಲ್ಲ. ಮಹಾಸ್ಫೋಟದಿಂದ ಉಳಿದುಬಂದ ವಿಕಿರಣ ಅಲ್ಲಿ 2.7 ಕೆಲ್ವಿನ್‌ನಷ್ಟು ತಾಪವನ್ನು ಕಾದಿಟ್ಟಿದೆ. ಆದರೆ ಜರ್ಮನಿಯ ಬ್ರೆಮೆನ್‌ನಲ್ಲಿ 2021ರಲ್ಲಿ, ಎತ್ತರದ ಗೋಪುರದೊಳಗೆ ರುಬಿಡಿಯಂ ಪರಮಾಣುಗಳ ಗುಂಪನ್ನು ಬೀಳಲು ಬಿಟ್ಟು ತಲುಪಿದ ತಾಪ, ಒಂದು ಕೆಲ್ವಿನ್ನನ್ನು ಲಕ್ಷ ಕೋಟಿ ಪಾಲು ಮಾಡಿದರೆ ಅದರಲ್ಲಿ 38 ಪಾಲು. ನಮಗೆ ತಿಳಿದಮಟ್ಟಿಗೆ ಇಂಥ ಶೈತ್ಯ ಪ್ರಕೃತಿಯಲ್ಲಿ ಸಿಗುವುದಿಲ್ಲ, ಅದನ್ನು ತಯಾರಿಸಬೇಕು. ತಯಾರಿಸುವ ವಿದ್ಯೆ ಯಾರ ಕೈಯಲ್ಲಿದೆ ಎಂಬುದರ ಬಗ್ಗೆ ನಾವು ಸಾಕಷ್ಟು ತಲೆ ಕೆಡಿಸಿಕೊಂಡಿಲ್ಲ ಎಂಬುದು ನನ್ನ ತಕರಾರು.

ಈ ವಿದ್ಯೆಯ ಚರಿತ್ರೆಯಲ್ಲಿ ಎರಡು ಪ್ರಯೋಗಾಲಯಗಳ ಪೈಪೋಟಿ ಬಹಳ ಪಾಠ ಹೇಳುತ್ತದೆ. ಲಂಡನ್ನಿನ ಜೇಮ್ಸ್ ಡ್ಯೂವರ್ ಅಸಾಧಾರಣ ಕೈಚಳಕದ ಮನುಷ್ಯ. ಇಂದಿನ ಥರ್ಮಾಸ್ ಫ್ಲಾಸ್ಕ್ ಅವನ ನಿರ್ವಾತ ಪಾತ್ರೆಯ ಸಂತಾನ. 1898ರಲ್ಲಿ ಜಲಜನಕವನ್ನು ದ್ರವವಾಗಿಸಿದ. ಉಳಿದದ್ದು ಹೀಲಿಯಂ ಒಂದೇ. ಆದರೆ ಆತ ಕೆಲವೇ ಸಹಾಯಕರನ್ನು ಕಟ್ಟಿಕೊಂಡು ದುಡಿಯುವ, ಜಗಳಗಂಟ ಒಂಟಿಗ. ಭೂಮಿಯ ಮೇಲೆ ಹೀಲಿಯಂ ಪತ್ತೆಮಾಡಿದ ವಿಲಿಯಂ ರಾಮ್ಸೆ ಅದೇ ಊರಿನಲ್ಲಿದ್ದರೂ ಇಬ್ಬರಿಗೂ ಆಗಿಬರಲಿಲ್ಲ. ಹಾಲೆಂಡಿನ ಲೈಡನ್‌ನಲ್ಲಿ ಕ್ಯಾಮರ್ಲಿಂಗ್ ಓನ್ನೆಸ್ ಬೇರೆಯೇ ದಾರಿ ಹಿಡಿದ. ಪಂಪು, ಕಂಪ್ರೆಸರುಗಳ ಸಾಲನ್ನು ಕಾರ್ಖಾನೆಯಂತೆ ಜೋಡಿಸಿದ. ಗಾಜು ಊದುವವರನ್ನೂ ಉಪಕರಣ ಮಾಡುವವರನ್ನೂ ತಯಾರು ಮಾಡಲು 1901ರಲ್ಲಿ ಶಾಲೆಯನ್ನೇ ತೆರೆದ. 1908ರ ಜುಲೈ 10ರಂದು ಹೀಲಿಯಂ ದ್ರವವಾದದ್ದು ಅಲ್ಲಿಯೇ, 4.2 ಕೆಲ್ವಿನ್‌ನಲ್ಲಿ. ಮೂರು ವರ್ಷದ ನಂತರ ಅದೇ ದ್ರವದಲ್ಲಿ ಅದ್ದಿದ ಪಾದರಸದ ವಿದ್ಯುತ್ ರೋಧ ಇದ್ದಕ್ಕಿದ್ದಂತೆ ಮಾಯವಾಯಿತು. ಇದೇ ಅತಿವಾಹಕತೆ. ಇದರಿಂದ ಏನು ಉಪಯೋಗ ಎಂಬುದಕ್ಕೆ ಅಂದು ಉತ್ತರವಿರಲಿಲ್ಲ. ಇಂದು ಆಸ್ಪತ್ರೆಯ ಎಂಆರ್‌ಐ ಯಂತ್ರದೊಳಗಿನ ಅಯಸ್ಕಾಂತ ಕೆಲಸ ಮಾಡುವುದು ಅದರಿಂದಲೇ.

ನಮ್ಮ ಕಥೆ ಇನ್ನೊಂದು ಬಗೆಯದು. ಢಾಕಾದಲ್ಲಿ ಪಾಠ ಹೇಳುತ್ತಿದ್ದ ಸತ್ಯೇಂದ್ರನಾಥ ಬೋಸ್ 1924ರಲ್ಲಿ ಬೆಳಕಿನ ಕಣಗಳನ್ನು ಎಣಿಸುವ ಹೊಸ ಕ್ರಮವನ್ನು ಐನ್‌ಸ್ಟೈನ್‌ಗೆ ಬರೆದು ಕಳಿಸಿದರು. ಐನ್‌ಸ್ಟೈನ್ ಅದನ್ನು ಪರಮಾಣುಗಳಿಗೆ ವಿಸ್ತರಿಸಿ, ಸಾಕಷ್ಟು ತಣ್ಣಗಾದರೆ ಅವು ಒಂದೇ ಕ್ವಾಂಟಂ ಸ್ಥಿತಿಗೆ ಇಳಿಯುತ್ತವೆ ಎಂದರು. ಅಷ್ಟು ತಣ್ಣಗಾಗಿಸಲು ಎಪ್ಪತ್ತು ವರ್ಷ ಹಿಡಿಯಿತು. ಲೇಸರ್ ಬರಬೇಕಾಯಿತು, ಅದರ ಹೊಡೆತಕ್ಕೆ ಪರಮಾಣುಗಳ ಓಟ ತಗ್ಗಿಸುವ ತಂತ್ರ ಬರಬೇಕಾಯಿತು. 1995ರಲ್ಲಿ ಅಮೆರಿಕದ ಬೌಲ್ಡರ್‌ನಲ್ಲಿ ಕಾರ್ನೆಲ್ ಮತ್ತು ವೀಮನ್ ಅದನ್ನು ಕಣ್ಣಿಗೆ ಕಾಣಿಸಿದರು. 2001ರ ನೊಬೆಲ್ ಅವರಿಗೂ, ಅದನ್ನೇ ಬೇರೆಯಾಗಿ ಸಾಧಿಸಿದ ಕೆಟರ್ಲೆಗೂ ಸಂದಿತು. ಬೋಸರಿಗೆ ನೊಬೆಲ್ ತಪ್ಪಿತೆಂಬ ಕೊರಗು ನಮ್ಮ ಭಾಷಣಗಳಲ್ಲಿ ಆಗಾಗ ಕೇಳಿಬರುತ್ತದೆ. ಅವರ ಸಿದ್ಧಾಂತವನ್ನು ಪರೀಕ್ಷಿಸಬಲ್ಲ ವರ್ಕ್‌ಶಾಪುಗಳನ್ನು ಆ ಎಪ್ಪತ್ತು ವರ್ಷಗಳಲ್ಲಿ ನಾವೇಕೆ ಕಟ್ಟಲಿಲ್ಲ ಎಂದು ಕೊರಗಿದವರು ಕಡಿಮೆ.

ಈಗ ಆ ಪ್ರಶ್ನೆ ಮತ್ತೆ ಎದುರಾಗಿದೆ. 2023ರಲ್ಲಿ ಕೇಂದ್ರ ಸಂಪುಟ ಒಪ್ಪಿದ ರಾಷ್ಟ್ರೀಯ ಕ್ವಾಂಟಂ ಮಿಷನ್‌ಗೆ 6,003 ಕೋಟಿ ರೂಪಾಯಿ ಮೀಸಲಾಗಿದೆ. ಅದರ ಕಂಪ್ಯೂಟಿಂಗ್ ಕೇಂದ್ರ ಇರುವುದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಕ್ವಾಂಟಂ ಕಂಪ್ಯೂಟರಿನ ಮೂಲ ಘಟಕಗಳಾದ ಕ್ಯೂಬಿಟ್‌ಗಳು ಅತಿವಾಹಕ ಬಗೆಯವಾದರೆ ಅವುಗಳಿಗೆ ಒಂದು ಕೆಲ್ವಿನ್‌ನ ನೂರನೆಯ ಒಂದು ಭಾಗದ ಆಸುಪಾಸಿನ ತಂಪು ಬೇಕು. ಅದನ್ನು ಕೊಡುವ ಡೈಲ್ಯೂಷನ್ ರೆಫ್ರಿಜರೇಟರ್‌ನಲ್ಲಿ ಹೀಲಿಯಂ-3 ಪರಮಾಣುಗಳು ಹೀಲಿಯಂ-4ರೊಳಕ್ಕೆ ದಾಟುತ್ತ ಶಾಖ ಹೀರಿಕೊಳ್ಳುತ್ತವೆ, ಮಣ್ಣಿನ ಹೂಜಿಯಿಂದ ಒಸರಿದ ನೀರು ಆವಿಯಾಗುತ್ತ ಒಳಗಿನದನ್ನು ತಂಪು ಮಾಡುವ ಹಾಗೆ. ತತ್ವ ಸರಳ. ಆದರೆ ಅದನ್ನು ಸೋರದಂತೆ, ನಡುಗದಂತೆ, ತಿಂಗಳುಗಟ್ಟಲೆ ನಿಲ್ಲದಂತೆ ನಡೆಸುವ ಯಂತ್ರ ಮಾಡಬಲ್ಲ ಕಂಪನಿಗಳು ಜಗತ್ತಿನಲ್ಲೇ ಬೆರಳೆಣಿಕೆಯಷ್ಟು.

ಕೊಂಡುಕೊಂಡರಾಯಿತಲ್ಲ, ವಿಜ್ಞಾನಿಯ ಸಮಯ ಫ್ರಿಜ್ ಮಾಡುವುದರಲ್ಲಿ ಏಕೆ ಹಾಳಾಗಬೇಕು ಎಂಬ ವಾದ ಹಗುರವಾದುದಲ್ಲ. ಇಂದು ಕೆಲಸ ಶುರುವಾಗಬೇಕಾದರೆ ಕೊಳ್ಳಲೇಬೇಕು. ಆದರೆ ಮಾರುವವರು ಎಂದೂ ಮಾರುತ್ತಲೇ ಇರುತ್ತಾರೆಂಬ ಖಾತರಿ ನಮಗೆ ಒಮ್ಮೆ ಕೈಕೊಟ್ಟಿದೆ. ರಷ್ಯಾದಿಂದ ಕ್ರಯೋಜೆನಿಕ್ ಎಂಜಿನ್ ತಂತ್ರಜ್ಞಾನ ಪಡೆಯುವ 1991ರ ಒಪ್ಪಂದ ಅಮೆರಿಕದ ಒತ್ತಡಕ್ಕೆ ಮುರಿದುಬಿತ್ತು. ಸಿದ್ಧ ಎಂಜಿನ್‌ಗಳು ಬಂದವು, ವಿದ್ಯೆ ಬರಲಿಲ್ಲ. ಮೈನಸ್ 253 ಡಿಗ್ರಿಯ ದ್ರವ ಜಲಜನಕವನ್ನು ಪಳಗಿಸುವುದನ್ನು ಇಸ್ರೊ ತಾನೇ ಕಲಿಯಬೇಕಾಯಿತು. 2010ರಲ್ಲಿ ಸೋತು, 2014ರ ಜನವರಿಯಲ್ಲಿ ಗೆದ್ದಿತು. ಹೀಲಿಯಂ ವಿಷಯದಲ್ಲಿ ನಾವು ಇನ್ನೂ ದುರ್ಬಲರು. ಬಹುಪಾಲು ಆಮದೇ. 2017ರಲ್ಲಿ ನೆರೆ ದೇಶಗಳು ಕತಾರ್‌ಗೆ ದಿಗ್ಬಂಧನ ಹಾಕಿದಾಗ ಅಲ್ಲಿನ ಹೀಲಿಯಂ ಘಟಕಗಳು ಕೆಲಕಾಲ ನಿಂತು, ಜಗತ್ತಿನ ಪ್ರಯೋಗಾಲಯಗಳಿಗೆಲ್ಲ ದಿಗಿಲು ಹತ್ತಿತ್ತು. ಹೊಸ ಎಂಆರ್‌ಐ ಯಂತ್ರಗಳು ಕೆಲವೇ ಲೀಟರಿನಲ್ಲಿ ನಡೆಯುತ್ತವೆ ನಿಜ. ಈಗಾಗಲೇ ಕೊಂಡಿರುವ ಹಳೆಯವು ಒಂದೊಂದೂ ಸಾವಿರ ಲೀಟರಿಗಿಂತ ಹೆಚ್ಚು ಬೇಡುತ್ತವೆ.

ಬಡ ದೇಶಕ್ಕೆ ಇದೆಲ್ಲ ದುಬಾರಿ ಎನ್ನುವವರಿಗೆ ಒಂದು ಮಾತು: ನಾನು ಕೇಳುತ್ತಿರುವುದರಲ್ಲಿ ಹೆಚ್ಚಿನದು ದುಬಾರಿಯದಲ್ಲ. ಆವಿಯಾದ ಹೀಲಿಯಂ ಹಿಡಿದು ಮತ್ತೆ ದ್ರವವಾಗಿಸುವ ವ್ಯವಸ್ಥೆಯನ್ನು ಒಂದು ಊರಿನ ಸಂಸ್ಥೆಗಳು, ಆಸ್ಪತ್ರೆಗಳು ಸೇರಿ ನಡೆಸಬಹುದು. ಐಟಿಐಗಳಲ್ಲಿ ನಿರ್ವಾತ ಪಂಪು, ಸೂಕ್ಷ್ಮ ವೆಲ್ಡಿಂಗು ಕಲಿಸಬಹುದು. ಕಲಿತವರಿಗೆ ಪ್ರಯೋಗಾಲಯಗಳಲ್ಲಿ ಗುತ್ತಿಗೆಯ ಬದಲು ಕಾಯಂ ಹುದ್ದೆ, ಬಡ್ತಿ ಕೊಡಬಹುದು. 2031ಕ್ಕೆ ಮಿಷನ್‌ನ ಅವಧಿ ಮುಗಿದಾಗ ಎಷ್ಟು ಕ್ಯೂಬಿಟ್ ಆಯಿತು ಎಂದು ಎಲ್ಲರೂ ಕೇಳುತ್ತಾರೆ. ಕೆಟ್ಟು ನಿಂತ ಶೈತ್ಯಯಂತ್ರವನ್ನು ಇಲ್ಲಿಯೇ ಬಿಚ್ಚಿ ಸರಿಮಾಡಬಲ್ಲವರು ಎಷ್ಟು ಮಂದಿ ಎಂಬ ಲೆಕ್ಕವನ್ನೂ ಅದೇ ವರದಿಯಲ್ಲಿ ಕೇಳಬೇಕು.