ಹೆಚ್ಚಿದ ಈರುಳ್ಳಿ: ಹೆಚ್ಚಿದವರು ಯಾರು?

ವಾರದ ದಿನದ ರಾತ್ರಿಯೂಟಕ್ಕೆಂದು ಅಮೆರಿಕದ ಅಡುಗೆ ಪುಸ್ತಕಗಳು ಮತ್ತೆ ಮತ್ತೆ ಸೂಚಿಸುವ ಒಂದು ತಿನಿಸಿದೆ: ಇಟಾಲಿಯನ್ ಸಾಸೇಜು, ಬ್ರಾಕೊಲಿ, ದಪ್ಪ ಮೆಣಸಿನಕಾಯಿ ಹಾಕಿದ ಪಾಸ್ತಾ. ಹೆಸರಿನ ಪಕ್ಕದಲ್ಲೇ ‘20 ನಿಮಿಷ’ ಅಂತ ಇರುತ್ತದೆ. ಈ ದೇಶಕ್ಕೆ ಬಂದ ಮೇಲೆ ಇದನ್ನು ಎಷ್ಟು ಸಲ ಮಾಡಿದ್ದೇನೋ ಲೆಕ್ಕವಿಲ್ಲ. ರುಚಿಯ ಬಗ್ಗೆ ನನ್ನ ತಕರಾರಿಲ್ಲ. ತಕರಾರಿರುವುದು ಆ ಇಪ್ಪತ್ತು ನಿಮಿಷದ ಮೇಲೆ. ಅದು ಸುಳ್ಳು, ಯಾರಿಗೂ ನೋವಾಗದ ಸುಳ್ಳೂ ಅಲ್ಲ.

ಬರೀ ನೀರಿನ ಲೆಕ್ಕ ನೋಡಿ. 100 ಗ್ರಾಂ ಪಾಸ್ತಾಕ್ಕೆ 1 ಲೀಟರ್ ನೀರು ಎನ್ನುವುದು ಇಟಲಿಯ ರೂಢಿ. ನಾಲ್ವರಿಗೆ 400 ಗ್ರಾಂ ಎಂದರೆ 4 ಲೀಟರ್. ಮನೆಯ ಒಲೆಯ ಮೇಲೆ ಅಷ್ಟು ನೀರು ಮರಳುವುದಕ್ಕೇ ಹೆಚ್ಚುಕಡಿಮೆ ಕಾಲು ಗಂಟೆ, ಪಾಸ್ತಾ ಬೇಯಲು ಇನ್ನೊಂದು ಹತ್ತು ನಿಮಿಷ. ಇಪ್ಪತ್ತು ಆಗಲೇ ದಾಟಿತು.

ಆದರೆ ಅಸಲಿ ಕಳ್ಳತನ ನಡೆಯುವುದು ಒಲೆಯ ಮೇಲಲ್ಲ, ಸಾಮಗ್ರಿಗಳ ಪಟ್ಟಿಯಲ್ಲಿ. ‘ಹೆಚ್ಚಿದ ಈರುಳ್ಳಿ 1, ಸಿಪ್ಪೆ ತೆಗೆದ ಬೆಳ್ಳುಳ್ಳಿ 6 ಎಸಳು, ತೊಳೆದು ಬಿಡಿಸಿದ ಬ್ರಾಕೊಲಿ.’ ಗಡಿಯಾರ ಶುರುವಾಗುವುದು ಇದೆಲ್ಲ ಮುಗಿದ ಮೇಲೆ. ನಮ್ಮ ಕನ್ನಡದ ಅಡುಗೆ ಪುಸ್ತಕಗಳೇನೂ ಸಾಚಾ ಅಲ್ಲ. ತುರಿದ ತೆಂಗಿನಕಾಯಿ, ನೆನೆಸಿದ ಉದ್ದು, ಹುರಿದು ಪುಡಿ ಮಾಡಿದ ಧನಿಯ. ವ್ಯಾಕರಣದಲ್ಲಿ ಇವಕ್ಕೆ ಕೃದಂತ ಅನ್ನುತ್ತೇವೆ. ಕ್ರಿಯೆಯನ್ನು ಹಿಡಿದು ವಿಶೇಷಣ ಮಾಡಿ ಕೂರಿಸಿದರೆ ಕೆಲಸ ಈರುಳ್ಳಿಯ ಗುಣವಾಗಿಬಿಡುತ್ತದೆ, ಅದು ಗಿಡದಲ್ಲೇ ಹೆಚ್ಚಿಕೊಂಡು ಬಂದ ಹಾಗೆ. ‘ಅಮ್ಮ ಹೆಚ್ಚಿದ ಈರುಳ್ಳಿ’ ಎನ್ನಲು ಭಾಷೆಯ ಅಡ್ಡಿಯೇನೂ ಇಲ್ಲ. ಕರ್ತೃಪದವನ್ನು ಬಿಟ್ಟವರು ನಾವು.

ಬಿಟ್ಟದ್ದರ ಸಾಲ ತೀರಿಸುವವರು ಯಾರು? ಆರೂವರೆಗೆ ಕೆಲಸದಿಂದ ಬಂದು, ಎಂಟಕ್ಕೆ ತಟ್ಟೆ ಇಟ್ಟು, ‘ಇಪ್ಪತ್ತು ನಿಮಿಷದ ಅಡುಗೆಗೆ ಇಷ್ಟು ಹೊತ್ತೇ?’ ಎಂಬ ಮಾತು ಕೇಳುವವರು. ಹೆಚ್ಚಿನ ಮನೆಗಳಲ್ಲಿ ಅವರು ಹೆಂಗಸರೇ. ಕೇಳುವವನು ಕೆಟ್ಟವನೇನಲ್ಲ, ಪಾಪ, ಅಚ್ಚಾದದ್ದನ್ನು ನಂಬಿದ್ದಾನೆ. ಯಾರೂ ಕೇಳದಿದ್ದರೆ ಅವಳೇ ಕೇಳಿಕೊಳ್ಳುತ್ತಾಳೆ: ನನ್ನ ಕೈ ಇಷ್ಟೊಂದು ನಿಧಾನವೇ?

ಹಾಗಂತ ಬೇಗ ಆಗುವ ಅಡುಗೆಯ ವಿರೋಧಿ ನಾನಲ್ಲ. ದಣಿದವರಿಗೆ ‘ನಿಧಾನವಾಗಿ ಬೇಯಿಸಿ, ಧ್ಯಾನದಂತೆ’ ಎಂದು ಬೋಧಿಸುವವರನ್ನು ಕಂಡರೆ ನನಗೆ ಇನ್ನೂ ಸಿಟ್ಟು. ಈ ಪಾಸ್ತಾದಲ್ಲಿ ನಿಜವಾಗಿ ಹೊತ್ತು ಉಳಿಸುವ ಪದಾರ್ಥ ಸಾಸೇಜು. ಹಂದಿಮಾಂಸ ಕೊಚ್ಚಿ, ಉಪ್ಪು, ಮೆಣಸು, ಸೋಂಪು ಬೆರೆಸುವ ಕೆಲಸವನ್ನು ಮಾಂಸದಂಗಡಿಯವನು ಆಗಲೇ ಮಾಡಿದ್ದಾನೆ, ಅದಕ್ಕೆ ನಾವು ದುಡ್ಡು ಕೊಟ್ಟಿದ್ದೇವೆ. ಮೇಲಿನ ಪೊರೆ ಸೀಳಿ, ಮಾಂಸವನ್ನು ಪುಡಿಪುಡಿಯಾಗಿ ಬಾಣಲೆಗೆ ಹಾಕಿ, ಕೆಂಪಗಾಗುವ ತನಕ ಕೆದಕದೆ ಬಿಟ್ಟರಾಯಿತು. ಅದರ ಕೊಬ್ಬಿನಲ್ಲೇ ಬೆಳ್ಳುಳ್ಳಿ, ತರಕಾರಿ ಬಾಡುತ್ತವೆ. ಬೇರೆ ಮಸಾಲೆ ಬೇಡ.

ನೀರನ್ನೂ ಇಳಿಸಬಹುದು. ಆಹಾರ ವಿಜ್ಞಾನದ ಬರಹಗಾರ ಹೆರಾಲ್ಡ್ ಮೆಗೀ 2009ರಲ್ಲಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಬರೆದರು: ಅಷ್ಟೊಂದು ನೀರು ಬೇಕಿಲ್ಲ, ತಣ್ಣೀರಿನಲ್ಲೇ ಪಾಸ್ತಾ ಹಾಕಿ ಒಲೆ ಹಚ್ಚಿದರೂ ನಡೆಯುತ್ತದೆ, ನಡುನಡುವೆ ಕಲಕಬೇಕು ಅಷ್ಟೆ. ನಾನು ಈಗ ಅಗಲ ಬಾಣಲೆಯಲ್ಲಿ ಹಾಗೇ ಮಾಡುತ್ತೇನೆ. ಉಳಿಯುವ ಗಂಜಿಯಂಥ ನೀರನ್ನು ಒಂದು ಸೌಟು ಸಾಸೇಜಿನ ಕೊಬ್ಬಿಗೆ ಸುರಿದರೆ ಎರಡೂ ಕೂಡಿ ಪಾಸ್ತಾಕ್ಕೆ ಅಂಟಿಕೊಳ್ಳುತ್ತವೆ. ಇಷ್ಟೆಲ್ಲ ಮಾಡಿಯೂ ನನಗೆ ಹಿಡಿಯುವುದು ನಲವತ್ತು ನಿಮಿಷ. ಪಾತ್ರೆ ತೊಳೆಯುವುದು ಬೇರೆ.

ಇಟಲಿಯ ಬಾರಿ ನಗರದ ಹಳೆ ಪೇಟೆಯಲ್ಲಿ ಹೆಂಗಸರು ಮನೆ ಬಾಗಿಲಲ್ಲಿ ಕೂತು ಒರೆಕ್ಕಿಯೆತ್ತೆ ಎಂಬ ಕಿವಿಯಾಕಾರದ ಪಾಸ್ತಾವನ್ನು ಚಾಕು, ಹೆಬ್ಬೆರಳುಗಳಿಂದ ಒಂದೊಂದಾಗಿ ಒತ್ತುತ್ತಾರೆ. ಅದನ್ನು ನೋಡಲು ಪ್ರವಾಸಿಗಳು ಹೋಗುತ್ತಾರೆ, ಫೋಟೋ ಹೊಡೆಯುತ್ತಾರೆ. ಬೀದಿಯಲ್ಲಿ ಕಂಡರೆ ಅದು ಕಲೆ. ಅಡುಗೆಮನೆಯಲ್ಲಿ ಬೆಳ್ಳುಳ್ಳಿ ಸುಲಿಯುವ ಹೆಬ್ಬೆರಳಿಗೆ ಸಾಮಗ್ರಿಗಳ ಪಟ್ಟಿಯಲ್ಲೂ ಜಾಗವಿಲ್ಲ.

‘ನಲವತ್ತು ಅಂತ ಬರೆದರೆ ಯಾರೂ ಮಾಡುವುದಿಲ್ಲ’ ಎನ್ನುತ್ತಾರೆ ಬರೆಯುವವರು. ಮಾಡುತ್ತಾರೆ ಸ್ವಾಮಿ. ನಲವತ್ತು ಎಂದು ಮೊದಲೇ ಗೊತ್ತಿದ್ದರೆ ಬೆಳ್ಳುಳ್ಳಿ ಸುಲಿಯಲು ಮನೆಯ ಇನ್ನೊಬ್ಬರನ್ನು ಕರೆಯಬಹುದು. ಇಪ್ಪತ್ತೇ ನಿಮಿಷದ ಕೆಲಸಕ್ಕೆ ಯಾರನ್ನು ಕರೆಯುವುದು, ಯಾವ ಮುಖ ಇಟ್ಟುಕೊಂಡು?