ಡಬ್ಬದೊಳಗೇನಿದೆ ಅಂತ ಹೇಳದ ವ್ಯಾಪಾರ

'ಲಿನಕ್ಸ್ ನಮ್ಮಂಥವರಿಗಲ್ಲ ಕಣಪ್ಪ.' ಈ ಮಾತನ್ನು ಒಂಟಿಕೊಪ್ಪಲಿನ ಟೀ ಅಂಗಡಿಯಿಂದ ತಾಲ್ಲೂಕು ಪ್ರೆಸ್‌ಮೀಟ್‌ಗಳವರೆಗೆ ಕೇಳುತ್ತಲೇ ಇದ್ದೇನೆ. ಹೇಳುವವರು ನನ್ನ ಹಾಗೆಯೇ ಸುದ್ದಿಗಿಷ್ಟು ಅಂತ ಲೆಕ್ಕ ಹಾಕಿಸಿಕೊಳ್ಳುವ ಬಿಡಿ ವರದಿಗಾರರು. ನಾನು ಒಪ್ಪುವುದಿಲ್ಲ. ಲಿನಕ್ಸ್ ಕಷ್ಟವಾಗಿರುವುದು ಅದನ್ನು ಬರೆದವರಿಂದಲ್ಲ, ಡಬ್ಬದೊಳಗೆ ಯಾವ ಚಿಪ್ ಇದೆ ಅಂತ ಹೇಳದೆ ಮಾರುವವರಿಂದ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಬೇಕು, ಇಂಟೆಲ್ ಆದರೆ ಬಹುಮಟ್ಟಿಗೆ 8ನೇ ಅಥವಾ ಅದರ ನಂತರದ ತಲೆಮಾರಿನ ಪ್ರೊಸೆಸರ್ ಬೇಕು. ಅಂದರೆ ಕೀಬೋರ್ಡ್, ಪರದೆ ಎಲ್ಲ ಗಟ್ಟಿಯಾಗಿರುವ 6ನೇ, 7ನೇ ತಲೆಮಾರಿನ ಲ್ಯಾಪ್‌ಟಾಪ್‌ಗಳು ಗುಜರಿ ದಾರಿ ಹಿಡಿದಿವೆ. ನಮ್ಮ ಜೇಬಿಗೆ ಎಟುಕುವುದೂ ಅವೇ. ಅವಕ್ಕೆ ಮರುಜೀವ ಕೊಡಬಲ್ಲದ್ದು ಲಿನಕ್ಸ್.

ಅಂಥದ್ದೊಂದು ಸೆಕೆಂಡ್‌ಹ್ಯಾಂಡ್ ಯಂತ್ರಕ್ಕೆ ಡೆಬಿಯನ್ ಹಾಕಲು ಕೂತಾಗ ಇನ್‌ಸ್ಟಾಲರ್‌ಗೆ ಡಿಸ್ಕೇ ಕಾಣಲಿಲ್ಲ. ಡಿಸ್ಕ್ ಚೆನ್ನಾಗಿಯೇ ಇತ್ತು. ಬಯೋಸ್‌ನಲ್ಲಿ ಅದನ್ನು 'ರೇಡ್' ಸ್ಥಿತಿಯಲ್ಲಿ ಇಟ್ಟಿದ್ದರು. 'ಎಎಚ್‌ಸಿಐ'ಗೆ ಬದಲಿಸಿದ ಕೂಡಲೇ ಕಾಣಿಸಿಕೊಂಡಿತು. (ಅದೇ ಡಿಸ್ಕಿನಲ್ಲಿ ವಿಂಡೋಸ್ ಉಳಿಸಿಕೊಳ್ಳಬೇಕೆನ್ನುವವರು ಜೋಪಾನ, ಈ ಬದಲಾವಣೆಯಾದ ಮೇಲೆ ಅದು ಏಳದೇ ಹೋಗಬಹುದು.) ಆಮೇಲೆ ವೈಫೈ ಇಲ್ಲ. ಫೋನನ್ನು ಯುಎಸ್‌ಬಿ ಕೇಬಲ್ಲಿನಲ್ಲಿ ಜೋಡಿಸಿ ಟೆದರಿಂಗ್ ಮಾಡಿ, 'ಎಲ್‌ಎಸ್‌ಪಿಸಿಐ' ಆದೇಶದಿಂದ ಚಿಪ್ಪಿನ ಗುರುತು ತೆಗೆದು, ಅದರ ಡ್ರೈವರ್ ಇಳಿಸಿಕೊಂಡ ಮೇಲೆ ಸರಿಹೋಯಿತು. ಎರಡೂ ಸೇರಿ ಒಂದು ಸಂಜೆಯ ಕೆಲಸ. ಆದರೆ ಬಿಲ್ಲಿನಲ್ಲಿ ಬರೆದಿದ್ದುದು ರ‍್ಯಾಮ್ ಎಷ್ಟು, ಡಿಸ್ಕ್ ಎಷ್ಟು ಅಂತ ಮಾತ್ರ. ವೈಫೈ ಚಿಪ್ ಯಾರದ್ದು ಅಂತ ಕೇಳಿದರೆ ಅಂಗಡಿಯವರು ನನ್ನ ಮುಖವನ್ನೇ ನೋಡಿದರು.

'ವಿಂಡೋಸ್ ಹಾಕಿದರೆ ಈ ರಗಳೆ ಇಲ್ಲವಲ್ಲ' ಅನ್ನುತ್ತೀರಿ. ನಿಜ. ಯಾಕೆಂದರೆ ಯಂತ್ರ ಮಾಡಿದ ಕಂಪನಿಯೇ ಡ್ರೈವರ್ ಬರೆಸಿ, ಪರೀಕ್ಷಿಸಿ, ತುಂಬಿಸಿ ಕೊಟ್ಟಿರುತ್ತದೆ. ಆ ರಗಳೆಯನ್ನು ನಮಗಿಂತ ಮೊದಲು ಬೇರೆಯವರು ಪಟ್ಟಿರುತ್ತಾರೆ, ಅಷ್ಟೆ. ಡೆಬಿಯನ್‌ನವರೂ ತತ್ವ ಹಿಡಿದು ಮುಕ್ತವಲ್ಲದ ಫರ್ಮ್‌ವೇರನ್ನು ಅಧಿಕೃತ ಇನ್‌ಸ್ಟಾಲರಿನಿಂದ ಹೊರಗಿಟ್ಟಿದ್ದರು. 2022ರಲ್ಲಿ ಮತ ಹಾಕಿ, 2023ರ ಡೆಬಿಯನ್ 12ರಿಂದ ಒಳಗೆ ಬಿಟ್ಟುಕೊಂಡರು. ಅವರು ಹಟ ಸಡಿಲಿಸಿದರು. ಗುಟ್ಟು ಬಿಡದ ಚಿಪ್ ಕಂಪನಿಗಳು ಇನ್ನೂ ಇವೆ.

ಕಾಸರಗೋಡಿನ ಕಡೆ ನೋಡಿ. ಕೇರಳದ ಸರ್ಕಾರಿ ಶಾಲೆಗಳಿಗೆ 'ಕೈಟ್' ಸಂಸ್ಥೆ ತಾನೇ ಹೊಂದಿಸಿದ ಲಿನಕ್ಸ್ ಕೊಡುತ್ತದೆ, ಮೇಷ್ಟ್ರುಗಳಿಗೆ ತರಬೇತಿ ಕೊಡುತ್ತದೆ. ಅಲ್ಲಿನ ಕನ್ನಡ ಮಾಧ್ಯಮದ ಮಕ್ಕಳು ಅದರಲ್ಲೇ ಕಲಿಯುತ್ತಾರೆ. ಆ ಮಕ್ಕಳು ನಮಗಿಂತ ಜಾಣರು ಅಂತಲ್ಲ, ಅವರ ಹಿಂದೆ ಕೆಲಸ ಮಾಡುವವರು ಇದ್ದಾರೆ.

ನಮ್ಮ ಹಿಂದೆ ಯಾರಿದ್ದಾರೆ? ಯೂನಿಕೋಡ್‌ನಲ್ಲಿ ಕಳಿಸಿದ ಸುದ್ದಿಯನ್ನು 'ನುಡಿಯ ಹಳೇ ಫಾಂಟಲ್ಲೇ ಕಳಿಸ್ರೀ' ಅಂತ ವಾಪಸ್ ಮಾಡುವ ಡೆಸ್ಕ್ ಇದೆ. ಲಿನಕ್ಸ್‌ನಲ್ಲಿ ಕನ್ನಡ ಯೂನಿಕೋಡ್ ಸಲೀಸಾಗಿ ಬರುತ್ತದೆ, ನಮಗೆ ರೂಢಿಯಾದ ಕೆಜಿಪಿ ಕೀಲಿಮಣೆಯೂ ಸಿಗುತ್ತದೆ. ಅಲ್ಲಿ ತೊಡಕಿರುವುದು ಡೆಸ್ಕಿನ ಸೋಮಾರಿತನದಲ್ಲಿ.

ಹಾಗಾಗಿ ಕೇಳುವುದನ್ನು ಕಲಿಯೋಣ. ಸೆಕೆಂಡ್‌ಹ್ಯಾಂಡ್ ಮಾರುವವರು ವೈಫೈ ಮತ್ತು ಗ್ರಾಫಿಕ್ಸ್ ಚಿಪ್ಪಿನ ಹೆಸರನ್ನು ಬಿಲ್ಲಿನಲ್ಲಿ ಬರೆಯಲಿ. ಪತ್ರಿಕೆಗಳು ಯೂನಿಕೋಡ್ ಒಪ್ಪಲಿ. ನಾವೂ ಲೈವ್ ಪೆನ್‌ಡ್ರೈವ್ ಜೇಬಿನಲ್ಲಿಟ್ಟುಕೊಂಡು ಹೋಗಿ, ದುಡ್ಡು ಕೊಡುವ ಮೊದಲು ಅಂಗಡಿಯಲ್ಲೇ ಬೂಟ್ ಮಾಡಿ ವೈಫೈ, ಸದ್ದು, ಡಿಸ್ಕ್ ಪರೀಕ್ಷಿಸೋಣ. ಒಂಟಿಕೊಪ್ಪಲ್ ಪಂಚಾಂಗ ತೆಗೆದು ರಾಹುಕಾಲ ತಪ್ಪಿಸಿ ಸಾಮಾನು ಕೊಳ್ಳುವ ಜನ ನಾವು. ಇನ್ನೊಂದು ಹತ್ತು ನಿಮಿಷ ಕಾಯುವುದಕ್ಕೇನು ಕಷ್ಟ?